ಯಾರಾಗ್ತಾರೆ ಮುಂದಿನ ಜೇಮ್ಸ್ ಬಾಂಡ್?

ಅವರೆಕಾಯಿ ಕಾಲ. ಭಾನುವಾರ ಬೆಳಿಗ್ಗೆ ಐದು ಕೇಜಿ ಸೊಗಡಿನ ಕಾಯಿ ತಂದು ನಡುಮನೆಯಲ್ಲಿ ಸುರಿದು, ಮನೆಮಂದಿಯನ್ನೆಲ್ಲಾ ಸುತ್ತ ಕೂರಿಸಿದ್ದೆ. ಗಂಡಸರ ಕೈಗೆ ಕೆಲಸ ಕೊಟ್ಟರೆ ಬಾಯಿಗೂ ಕೆಲಸ ಬೇಕು ನೋಡಿ. ಕಾಯಿ ಬಿಡಿಸುತ್ತಾ ಬಿಡಿಸುತ್ತಾ ಜಗಳ ಶುರುವಾಯಿತು. ಆಸ್ತಿಯ ಜಗಳ ಅಲ್ಲ, ರಾಜಕೀಯವೂ ಅಲ್ಲ. "ಮುಂದಿನ ಜೇಮ್ಸ್ ಬಾಂಡ್ ಯಾರಾಗಬೇಕು?" ಅಂತ!

ನಮ್ಮ ಯಜಮಾನರು ರೋಜರ್ ಮೂರ್ ಪಕ್ಷ. ಅವರು ಹುಡುಗರಾಗಿದ್ದಾಗ ಗಣೇಶನ ಹಬ್ಬಕ್ಕೆ ಬೀದಿಯಲ್ಲಿ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು 'ಆಕ್ಟೊಪಸ್ಸಿ' ಹಾಕಿದ್ದರಂತೆ. ಅವತ್ತು ನೋಡಿದ ಬಾಂಡೇ ಬಾಂಡ್. ಮೈದುನ ಪಿಯರ್ಸ್ ಬ್ರಾಸ್ನನ್ ಪಕ್ಷ. ಡಿಗ್ರಿ ಓದುತ್ತಿರುವ ನನ್ನ ಮಗನಿಗೆ ಡೇನಿಯಲ್ ಕ್ರೇಗ್ ಬಿಟ್ಟರೆ ಉಳಿದವರೆಲ್ಲ ನಾಟಕದವರು. ನಮ್ಮ ಮಾವನವರು ಮಾತ್ರ ಸಿಪ್ಪೆ ಬುಟ್ಟಿಗೆ ಎಸೆದು, "ನಮ್ಮ ರಾಜಕುಮಾರ್ ಇರೋವಾಗ ಇವರೆಲ್ಲ ಯಾಕ್ರೋ?" ಅಂದು ಸುಮ್ಮನಾದರು. ನಾನು ಯಾವ ಪಕ್ಷವೂ ಅಲ್ಲ. ಆದರೆ ಅಷ್ಟು ಹೊತ್ತು ಈ ವಾದ ಕೇಳಿದ ಮೇಲೆ ನನಗೂ ಕುತೂಹಲ ಹುಟ್ಟಿತು. ಒಬ್ಬ ಕಲ್ಪನೆಯ ಗೂಢಚಾರ. ಅವನ ಪಾತ್ರ ಯಾರು ಮಾಡಿದರೆ ನಮಗೇನು? ಇಂಗ್ಲೆಂಡಿನ ಜನ ಇದಕ್ಕೆ ಅರವತ್ತು ವರ್ಷದಿಂದ ಯಾಕೆ ಹೀಗೆ ತಲೆ ಕೆಡಿಸಿಕೊಂಡಿದ್ದಾರೆ?

ಆಮೇಲಿನ ಒಂದು ತಿಂಗಳು, ಮಧ್ಯಾಹ್ನ ಪಾತ್ರೆಗೀತ್ರೆ ಮುಗಿದ ಮೇಲೆ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಿತ್ರಗಳನ್ನು ನೋಡಿದೆ, ಕೇಳಿ ತಿಳಿದುಕೊಂಡೆ. ಏನೋ ಹೊಡೆದಾಟದ ಕಥೆ ಅಂದುಕೊಂಡು ಹೊರಟವಳಿಗೆ ಅಲ್ಲಿ ನಮ್ಮ ನಿಮ್ಮ ಮನೆಯ ಕಥೆಯೇ ಸಿಕ್ಕಿತು. ಅದನ್ನು ನಿಮ್ಮ ಹತ್ತಿರ ಹಂಚಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

ಮದುವೆಯ ಹೆದರಿಕೆಯಲ್ಲಿ ಹುಟ್ಟಿದವನು

ಬಾಂಡ್‌ನನ್ನು ಸೃಷ್ಟಿಸಿದವರು ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಲೇಖಕ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದವರು. 1952ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಅವರಿಗೆ ಮದುವೆ ಗೊತ್ತಾಯಿತು. ಅಷ್ಟು ವರ್ಷ ಒಂಟಿಯಾಗಿದ್ದ ಮನುಷ್ಯನಿಗೆ ಗಾಬರಿ. ಆ ಗಾಬರಿ ಮರೆಯಲು ಜಮೈಕಾದ ತಮ್ಮ ಮನೆಯಲ್ಲಿ ಕುಳಿತು ಕಾದಂಬರಿ ಬರೆಯತೊಡಗಿದೆ ಅಂತ ಅವರೇ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಅದೇ 1953ರಲ್ಲಿ ಪ್ರಕಟವಾದ 'ಕ್ಯಾಸಿನೊ ರಾಯಲ್'.

ಹೆಸರು ಎಲ್ಲಿಂದ ಬಂತು ಗೊತ್ತೇ? ಫ್ಲೆಮಿಂಗ್ ಅವರ ಮನೆಯಲ್ಲಿ ವೆಸ್ಟ್ ಇಂಡೀಸ್ ಹಕ್ಕಿಗಳ ಬಗ್ಗೆ ಒಂದು ಪುಸ್ತಕವಿತ್ತು. ಅದನ್ನು ಬರೆದ ಅಮೆರಿಕದ ಪಕ್ಷಿ ತಜ್ಞರ ಹೆಸರು ಜೇಮ್ಸ್ ಬಾಂಡ್. ಸಪ್ಪೆ ಹೆಸರು ಬೇಕಾಗಿತ್ತು, ಎತ್ತಿಕೊಂಡರು. ಮುಂದೆ ಈ ವಿಷಯ ಆ ಪಕ್ಷಿ ತಜ್ಞರ ಹೆಂಡತಿಗೆ ತಿಳಿದು ಫ್ಲೆಮಿಂಗ್‌ಗೆ ಕಾಗದ ಬರೆದರು. ಫ್ಲೆಮಿಂಗ್ ತಪ್ಪೊಪ್ಪಿಕೊಂಡು, "ಬೇಕಾದರೆ ಯಾವುದಾದರೂ ಕೆಟ್ಟ ಹಕ್ಕಿಗೆ ನನ್ನ ಹೆಸರಿಡಲಿ" ಎಂಬರ್ಥದ ಉತ್ತರ ಕೊಟ್ಟರಂತೆ. ಗಂಡನ ಹೆಸರನ್ನು ಕದ್ದವರನ್ನು ಹೆಂಡತಿ ಬಿಟ್ಟಾಳೆಯೇ!

ಹೆಂಡತಿಯ ಮಾತು ಕೇಳಿದ ನಿರ್ಮಾಪಕ

ಕಾದಂಬರಿಗಳನ್ನು ಚಿತ್ರವಾಗಿಸಲು ಹೊರಟವರು ಆಲ್ಬರ್ಟ್ ಬ್ರೊಕೊಲಿ ಮತ್ತು ಹ್ಯಾರಿ ಸಾಲ್ಟ್‌ಜ್‌ಮನ್ ಎಂಬ ಇಬ್ಬರು ನಿರ್ಮಾಪಕರು. ನಾಯಕ ಯಾರು ಎಂಬ ಪ್ರಶ್ನೆ ಆಗಲೇ ಎದ್ದಿತು. ಶಾನ್ ಕಾನರಿ ಎಂಬ ಹುಡುಗ ಬಂದ. ಸ್ಕಾಟ್ಲೆಂಡಿನ ಎಡಿನ್‌ಬರೊದ ಬಡ ಕುಟುಂಬದವನು. ಚಿಕ್ಕವನಿದ್ದಾಗ ಮನೆಮನೆಗೆ ಹಾಲು ಹಾಕಿದವನು, ಶವಪೆಟ್ಟಿಗೆಗೆ ಪಾಲಿಶ್ ಹೊಡೆದವನು. ಬಾಂಡ್ ಅಂದರೆ ದೊಡ್ಡ ಶಾಲೆಯಲ್ಲಿ ಓದಿದ ನಾಜೂಕಿನ ಮನುಷ್ಯ. ಈ ಒರಟನಿಗೂ ಅವನಿಗೂ ಎತ್ತಣಿಂದೆತ್ತ? ಸ್ವತಃ ಫ್ಲೆಮಿಂಗ್‌ಗೇ ಮನಸ್ಸು ಒಪ್ಪಲಿಲ್ಲ.

ಬ್ರೊಕೊಲಿಯವರು ಆಗ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಕಾನರಿ ನಟಿಸಿದ್ದ ಹಿಂದಿನ ಒಂದು ಚಿತ್ರವನ್ನು ತಮ್ಮ ಹೆಂಡತಿ ಡೇನಾ ಅವರಿಗೆ ತೋರಿಸಿ, "ನಿನಗೇನನ್ನಿಸುತ್ತೆ?" ಎಂದು ಕೇಳಿದರು. ಇವನೇ ಸರಿ ಎಂದರು ಆಕೆ. ಅಷ್ಟೇ! ನಿರ್ದೇಶಕ ಟೆರೆನ್ಸ್ ಯಂಗ್ ಆ ಹುಡುಗನನ್ನು ತಮ್ಮ ದರ್ಜಿಯ ಹತ್ತಿರ ಕರೆದೊಯ್ದು ಸೂಟು ಹೊಲಿಸಿದರು. ನಡೆಯುವುದು, ಊಟದ ಮೇಜಿನಲ್ಲಿ ಕೂರುವುದು ಎಲ್ಲಾ ಕಲಿಸಿದರು. 1962ರ ಅಕ್ಟೋಬರ್‌ನಲ್ಲಿ 'ಡಾಕ್ಟರ್ ನೋ' ತೆರೆಗೆ ಬಂತು. ಆಮೇಲಿನದು ನಿಮಗೇ ಗೊತ್ತು. ಕಾನರಿಯನ್ನು ನೋಡಿದ ಮೇಲೆ ಫ್ಲೆಮಿಂಗ್ ಕೂಡ ಸೋತು, 1964ರ ಕಾದಂಬರಿಯಲ್ಲಿ ಬಾಂಡ್‌ನ ತಂದೆ ಸ್ಕಾಟ್ಲೆಂಡಿನವನು ಎಂದು ಬರೆದುಬಿಟ್ಟರು! ಬೇಡ ಅಂದ ಸೊಸೆಯನ್ನೇ ಊರೆಲ್ಲಾ ಹೊಗಳಿಕೊಂಡು ತಿರುಗುವ ಅತ್ತೆಯ ಹಾಗೆ.

ಇನ್ನೊಬ್ಬರ ಸೂಟು ತೊಟ್ಟವನು

ಐದು ಚಿತ್ರಗಳಾದ ಮೇಲೆ, 1967ಕ್ಕೆ, ಕಾನರಿಗೆ ಸಾಕಾಯಿತು. ಮುಂದೆ ಯಾರು?

ಬಂದವನು ಆಸ್ಟ್ರೇಲಿಯಾದ ಜಾರ್ಜ್ ಲೇಜನ್‌ಬಿ. ನಟನೆ ಗೊತ್ತಿಲ್ಲ. ಚಾಕೊಲೇಟಿನ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ರೂಪದರ್ಶಿ. ಪಾತ್ರ ಸಿಗಲಿ ಅಂತ ಆತ ಏನು ಮಾಡಿದ ಕೇಳಿ. ಕಾನರಿಯ ದರ್ಜಿಯ ಅಂಗಡಿಗೆ ಹೋಗಿ, ಕಾನರಿಗೆಂದು ಹೊಲಿದು ಆತ ಒಯ್ಯದೆ ಬಿಟ್ಟಿದ್ದ ಸೂಟನ್ನು ಕೊಂಡುಕೊಂಡ. ಕಾನರಿಯ ಕ್ಷೌರಿಕನ ಹತ್ತಿರ ಅದೇ ರೀತಿ ಕೂದಲು ಕತ್ತರಿಸಿಕೊಂಡ. ಅಂಥದೇ ಕೈಗಡಿಯಾರ ಕಟ್ಟಿಕೊಂಡ. ಹಾಗೆ ಹೋಗಿ ನಿರ್ಮಾಪಕರ ಮುಂದೆ ನಿಂತ. ಪಾತ್ರ ಸಿಕ್ಕಿತು.

ಚಿತ್ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್', 1969. ಅದರಲ್ಲಿ ಬಾಂಡ್ ಮೊದಲ ಸಲ ಮದುವೆಯಾಗುತ್ತಾನೆ. ಹುಡುಗಿ ಟ್ರೇಸಿ, ಡಯಾನಾ ರಿಗ್ ಆ ಪಾತ್ರ ಮಾಡಿದ್ದಾರೆ. ಮದುವೆಯ ದಿನವೇ ವೈರಿಗಳ ಗುಂಡಿಗೆ ಆಕೆ ಬಲಿಯಾಗುತ್ತಾಳೆ. ಸತ್ತ ಹೆಂಡತಿಯನ್ನು ಒರಗಿಸಿಕೊಂಡು ಕುಳಿತ ಆ ಕೊನೆಯ ದೃಶ್ಯ ನೋಡಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ ಅಂದರೆ ನೀವು ನಗಬೇಡಿ.

ಆದರೆ ಅಂದಿನ ಜನ? "ಕಾನರಿ ಹಾಗಿಲ್ಲ" ಅಂದರು. ಎಷ್ಟು ಚೆನ್ನಾಗಿ ಮಾಡಿದ ಅಂತಲ್ಲ, ಎಷ್ಟು ಕಾನರಿ ಹಾಗಿದ್ದಾನೆ ಅಂತ ಅಳೆದರು. ಬಾಂಡ್ ಕಾಲ ಮುಗಿಯಿತು ಎಂಬ ಸಲಹೆಗಾರನ ಮಾತು ಕೇಳಿ ಲೇಜನ್‌ಬಿಯೂ ಒಂದೇ ಚಿತ್ರಕ್ಕೆ ಕೈಬಿಟ್ಟ. ಇಂದು ನೋಡಿದರೆ ಬಾಂಡ್ ಚಿತ್ರಗಳಲ್ಲೇ ಅದು ಅತ್ಯುತ್ತಮವಾದದ್ದು ಎನ್ನುವ ಅಭಿಮಾನಿಗಳು ಬಹಳ ಮಂದಿ ಇದ್ದಾರೆ. ಇದ್ದಾಗ ಆಡಿಕೊಂಡು ಆಮೇಲೆ ಹೊಗಳುವುದು ಎಲ್ಲಾ ದೇಶದ ಜನರ ಬುದ್ಧಿ ಅಂತ ಕಾಣುತ್ತೆ.

ಕೈಗೆ ಬಂದ ತುತ್ತು

ಕಾನರಿಯನ್ನು ದೊಡ್ಡ ಸಂಭಾವನೆ ಕೊಟ್ಟು 1971ರ ಒಂದು ಚಿತ್ರಕ್ಕೆ ವಾಪಸು ಕರೆತಂದರು. ಆ ಹಣವನ್ನು ಆತ ಸ್ಕಾಟ್ಲೆಂಡಿನ ಮಕ್ಕಳ ವಿದ್ಯಾಭ್ಯಾಸದ ನಿಧಿಗೆ ಕೊಟ್ಟ ಅನ್ನುವುದು ಮೆಚ್ಚುವ ಮಾತು. ಇನ್ನು ಮಾಡುವುದೇ ಇಲ್ಲ ಎಂದು ಶಪಥ ಮಾಡಿದವನು 1983ರಲ್ಲಿ ಬೇರೆ ನಿರ್ಮಾಪಕರ ಚಿತ್ರದಲ್ಲಿ ಮತ್ತೆ ಬಾಂಡ್ ಆದ. 'ನೆವರ್ ಸೇ ನೆವರ್ ಅಗೇನ್', ಅಂದರೆ 'ಇನ್ನೆಂದೂ ಇಲ್ಲ ಅಂತ ಇನ್ನೆಂದೂ ಹೇಳಬೇಡ' ಎಂಬ ಆ ಚಿತ್ರದ ಹೆಸರನ್ನು ಸೂಚಿಸಿದವರು ಆತನ ಹೆಂಡತಿ ಮಿಶೆಲಿನ್!

ರೋಜರ್ ಮೂರ್ 1973ರಿಂದ 1985ರವರೆಗೆ ಏಳು ಚಿತ್ರ ಮಾಡಿದರು. ಕಾನರಿಯ ನಕಲು ಮಾಡಲು ಹೋಗಲೇ ಇಲ್ಲ. ಕಾನರಿ ಗದರಿದ ಕಡೆ ಇವರು ಹುಬ್ಬು ಹಾರಿಸಿ ನಕ್ಕರು. 1983ರ 'ಆಕ್ಟೊಪಸ್ಸಿ'ಗಾಗಿ ಉದಯಪುರಕ್ಕೆ ಬಂದು ಲೇಕ್ ಪ್ಯಾಲೇಸಿನಲ್ಲೂ ಬೆಟ್ಟದ ಮೇಲಿನ ಮಾನ್ಸೂನ್ ಪ್ಯಾಲೇಸಿನಲ್ಲೂ ಚಿತ್ರೀಕರಣ ಮಾಡಿದರು. ನಮ್ಮ ಕಬೀರ್ ಬೇಡಿ ಖಳನಾಯಕನ ಬಂಟ. ಟೆನ್ನಿಸ್ ಆಟಗಾರ ವಿಜಯ್ ಅಮೃತರಾಜ್ ಆಟೋರಿಕ್ಷಾದಲ್ಲಿ ಬಾಂಡ್‌ನನ್ನು ಕೂರಿಸಿಕೊಂಡು ಓಡುತ್ತಾ ವೈರಿಗಳಿಗೆ ಟೆನ್ನಿಸ್ ರಾಕೆಟ್‌ನಿಂದಲೇ ಬಾರಿಸುತ್ತಾರೆ. ನಮ್ಮ ಯಜಮಾನರು ಈಗಲೂ ಆ ದೃಶ್ಯ ಬಂದರೆ ಊಟದ ತಟ್ಟೆ ಬಿಟ್ಟು ಏಳುತ್ತಾರೆ! ಕೊನೆಯ ಚಿತ್ರದ ಹೊತ್ತಿಗೆ ಮೂರ್‌ಗೆ ಐವತ್ತೇಳು ವರ್ಷ. ಇಷ್ಟು ದಿನ ಇರಬಾರದಿತ್ತು ಅಂತ ಅವರೇ ಮುಂದೆ ನಗುತ್ತಾ ಒಪ್ಪಿಕೊಂಡರು.

1986ರಲ್ಲಿ ಐರ್ಲೆಂಡಿನ ಪಿಯರ್ಸ್ ಬ್ರಾಸ್ನನ್ ಆಯ್ಕೆಯಾದರು. ಅವರು ನಟಿಸುತ್ತಿದ್ದ ಟಿ.ವಿ. ಧಾರಾವಾಹಿ ನಿಂತುಹೋಗಿತ್ತು. ಇವರೇ ಬಾಂಡ್ ಎಂಬ ಸುದ್ದಿ ಹರಡಿದ್ದೇ ತಡ, ಟಿ.ವಿ.ಯವರು ಒಪ್ಪಂದದ ಕಾಗದ ಹಿಡಿದು ಧಾರಾವಾಹಿ ಮತ್ತೆ ಶುರುಮಾಡಿದರು. ಬಾಂಡ್ ಪಾತ್ರ ತಪ್ಪಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಜಾಗಕ್ಕೆ ವೇಲ್ಸ್‌ನಲ್ಲಿ ಹುಟ್ಟಿದ ಟಿಮತಿ ಡಾಲ್ಟನ್ ಬಂದು 1987 ಮತ್ತು 1989ರಲ್ಲಿ ಎರಡು ಚಿತ್ರ ಮಾಡಿದರು. ಕಾದಂಬರಿಯ ಬಾಂಡ್ ಹಾಗೆ ಗಂಭೀರವಾಗಿ ಮಾಡಿದರು. ಜನ "ನಗುವುದೇ ಇಲ್ಲ" ಅಂದರು! ನಗುವವನಿದ್ದಾಗ ತಮಾಷೆ ಜಾಸ್ತಿಯಾಯಿತು ಅಂದವರೂ ಇದೇ ಜನ. ಕೋರ್ಟು ಕಚೇರಿ ಅಂತ ಮುಂದೆ ಆರು ವರ್ಷ ಬಾಂಡ್ ಚಿತ್ರವೇ ಇಲ್ಲ.

ಬ್ರಾಸ್ನನ್‌ಗೆ ಕೊನೆಗೂ 1995ರಲ್ಲಿ ಪಾತ್ರ ಸಿಕ್ಕಿತು. 2002ರವರೆಗೆ ನಾಲ್ಕು ಚಿತ್ರ. ಆದರೆ ಅವರ ಹೆಂಡತಿ ಕಸಾಂಡ್ರಾ ಅದನ್ನು ನೋಡಲು ಇರಲಿಲ್ಲ. ಆಕೆ 1981ರ ಬಾಂಡ್ ಚಿತ್ರವೊಂದರಲ್ಲಿ ತಾವೇ ನಟಿಸಿದ್ದವರು. ಅಂಡಾಶಯದ ಕ್ಯಾನ್ಸರಿನಿಂದ 1991ರ ಡಿಸೆಂಬರಿನಲ್ಲಿ ತೀರಿಕೊಂಡರು.

ಕೂದಲಿನ ಬಣ್ಣದ ಗಲಾಟೆ

2005ರ ಅಕ್ಟೋಬರಿನಲ್ಲಿ ಡೇನಿಯಲ್ ಕ್ರೇಗ್ ಹೆಸರು ಪ್ರಕಟವಾದಾಗ ಆದ ಗಲಾಟೆ ಹಿಂದೆಂದೂ ಆಗಿರಲಿಲ್ಲ. ಬಾಂಡ್‌ಗೆ ಕಪ್ಪು ಕೂದಲು ಅಂತ ಫ್ಲೆಮಿಂಗ್ ಬರೆದಿದ್ದಾರೆ, ಇವನದು ಹೊಂಬಣ್ಣ! ಎತ್ತರ ಸಾಲದು! ಪತ್ರಿಕಾಗೋಷ್ಠಿಗೆ ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಬರುವಾಗ ಲೈಫ್ ಜಾಕೆಟ್ ತೊಟ್ಟಿದ್ದನಲ್ಲ, ಗೂಢಚಾರನಿಗೆ ನೀರೆಂದರೆ ಹೆದರಿಕೆಯೆ? ಗೇರ್ ಇರುವ ಕಾರು ಓಡಿಸಲು ಬರುವುದಿಲ್ಲವಂತೆ! ಪತ್ರಿಕೆಗಳು ಹೀಗೆಲ್ಲ ಬರೆದವು. ಅಭಿಮಾನಿಗಳು ಚಿತ್ರಕ್ಕೆ ಬಹಿಷ್ಕಾರ ಹಾಕುತ್ತೇವೆಂದು ಹೊರಟರು. ಹೆಣ್ಣು ನೋಡಲು ಬಂದವರು ಹೇಳುವ ಕೊರತೆಗಳ ಪಟ್ಟಿ ನೆನಪಾಯಿತು ನನಗೆ.

ಇವರನ್ನೇ ಆರಿಸಬೇಕೆಂದು ಪಟ್ಟು ಹಿಡಿದವರು ಯಾರು? ಬಾರ್ಬರಾ ಬ್ರೊಕೊಲಿ, ಆ ಡೇನಾ ಅವರ ಮಗಳು. ತಂದೆ 1996ರಲ್ಲಿ ತೀರಿಕೊಂಡರು. ಮಗಳು ಮತ್ತು ಡೇನಾ ಅವರ ಮೊದಲ ಮದುವೆಯ ಮಗ ಮೈಕೆಲ್ ವಿಲ್ಸನ್ ಸೇರಿ ಚಿತ್ರಗಳನ್ನು ತೆಗೆಯುತ್ತಿದ್ದರು. ತಾಯಿ ಮೊದಲನೆಯ ಬಾಂಡ್‌ನನ್ನು ಮೆಚ್ಚಿದಳು, ಮಗಳು ಆರನೆಯವನನ್ನು ಆರಿಸಿದಳು. ಇಬ್ಬರಿಗೂ ಜನ "ಅಯ್ಯೋ, ಇವನಾ?" ಅಂದರು. 2006ರಲ್ಲಿ 'ಕ್ಯಾಸಿನೊ ರಾಯಲ್' ಬಂದ ಮೇಲೆ ಕೂದಲಿನ ಬಣ್ಣ ಯಾರಿಗೂ ನೆನಪಾಗಲಿಲ್ಲ. 2012ರ 'ಸ್ಕೈಫಾಲ್' ನೂರು ಕೋಟಿ ಡಾಲರಿಗೂ ಮೀರಿ ಗಳಿಸಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ರಾಣಿ ಎಲಿಜಬೆತ್ ಇದೇ ಕ್ರೇಗ್ ಜೊತೆ ತೆರೆಯ ಮೇಲೆ ನಡೆದು ಬಂದರು. ಐದು ಚಿತ್ರ ಮುಗಿಸಿ 2021ರ 'ನೋ ಟೈಮ್ ಟು ಡೈ'ನಲ್ಲಿ ಕ್ರೇಗ್‌ನ ಬಾಂಡ್ ಪ್ರೇಯಸಿಯನ್ನೂ ಮಗುವನ್ನೂ ಉಳಿಸಿ ತಾನು ಸಾಯುತ್ತಾನೆ. ಇಪ್ಪತ್ತೈದು ಚಿತ್ರಗಳಲ್ಲಿ ಅವನು ಸತ್ತದ್ದು ಅದೊಂದರಲ್ಲೇ.

ಹಾಗಾದರೆ ಮುಂದೆ?

ಅಲ್ಲಿಂದ ಶುರುವಾಯಿತು ಹೊಸ ವಾದ. ಹೆನ್ರಿ ಕ್ಯಾವಿಲ್ ಆಗಲಿ ಅಂತ ಒಂದು ಗುಂಪು. ಪಾಪ, 2005ರಲ್ಲಿ ಈತ ಪರೀಕ್ಷೆಗೆ ಬಂದಾಗ ವಯಸ್ಸು ಸಣ್ಣದು ಅಂದರು. ಈಗ ನಲವತ್ತು ದಾಟಿತು, ವಯಸ್ಸು ಹೆಚ್ಚಾಯಿತು ಅನ್ನುತ್ತಾರೆ. 1990ರಲ್ಲಿ ಹುಟ್ಟಿದ ಆರನ್ ಟೇಲರ್ ಜಾನ್ಸನ್ ಆಗಲಿ ಅಂತ ಇನ್ನೊಂದು ಗುಂಪು. ಥಿಯೊ ಜೇಮ್ಸ್, ಕ್ಯಾಲಮ್ ಟರ್ನರ್ ಅಂತ ಮಿಕ್ಕವರು. ಹತ್ತು ವರ್ಷದಲ್ಲಿ ಐದಾರು ಚಿತ್ರ ಮಾಡಿಸಬೇಕಾದ್ದರಿಂದ ಮೂವತ್ತರ ಆಸುಪಾಸಿನವನೇ ಬೇಕು ಎಂಬ ಲೆಕ್ಕ ಒಂದು ಕಡೆ; ಅನುಭವ ಮುಖದಲ್ಲಿ ಕಾಣಬೇಕು ಎಂಬ ವಾದ ಇನ್ನೊಂದು ಕಡೆ.

ಎಲ್ಲಕ್ಕಿಂತ ಬಿಸಿಯಾದ ವಾದ ಇಡ್ರಿಸ್ ಎಲ್ಬಾ ಎಂಬ ಕಪ್ಪು ವರ್ಣದ ನಟನದು. ಲಂಡನ್ನಿನಲ್ಲೇ ಹುಟ್ಟಿ ಬೆಳೆದವರು, ದೊಡ್ಡ ನಟ. ವರ್ಷಗಟ್ಟಲೆ ಅವರ ಹೆಸರು ಓಡಾಡಿತು. 2015ರಲ್ಲಿ ಹೊಸ ಬಾಂಡ್ ಕಾದಂಬರಿ ಬರೆದ ಆಂಟನಿ ಹೊರೊವಿಟ್ಜ್, ಎಲ್ಬಾಗೆ ಬೇಕಾದ ನಾಜೂಕು ಇಲ್ಲ ಎಂಬರ್ಥದ ಮಾತಾಡಿ, ಜನ ಸಿಟ್ಟಾದಾಗ ಕ್ಷಮೆ ಕೇಳಬೇಕಾಯಿತು. ಹಾಲು ಹಾಕುತ್ತಿದ್ದ ಕಾನರಿಗೂ ಇದನ್ನೇ ತಾನೆ ಹೇಳಿದ್ದು? ಮೈಬಣ್ಣದ ಮಾತು ಬಂದಾಗಲೆಲ್ಲ ಈ ಚರ್ಚೆಯಿಂದ ತಮಗೆ ಬೇಸರವಾಗಿದೆ ಎಂದು ಎಲ್ಬಾ ಹೇಳಿಕೊಂಡಿದ್ದಾರೆ. ನಾಜೂಕು ಎನ್ನುವ ಮಾತಿನ ಹಿಂದೆ ಏನೇನು ಅಡಗಿರುತ್ತದೆ ಎನ್ನುವುದು ಕಪ್ಪು ಹುಡುಗಿಯರನ್ನು ಹೆತ್ತ ನಮ್ಮ ತಾಯಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ಮನೆಯ ಯಜಮಾನಿಕೆಯೇ ಬದಲಾಯಿತು. ನಾವು ಕುಕ್ಕರಿನ ಗ್ಯಾಸ್ಕೆಟ್ಟು ತರಿಸಿಕೊಳ್ಳುವ ಅಮೆಜಾನ್ ಸಂಸ್ಥೆ ಬಾಂಡ್ ಚಿತ್ರಗಳ ಹಂಚಿಕೆ ಹೊಂದಿದ್ದ ಎಂ.ಜಿ.ಎಂ.ಅನ್ನು 2022ರಲ್ಲಿ ಕೊಂಡಿತ್ತು. 2025ರ ಫೆಬ್ರವರಿಯಲ್ಲಿ ಬಾರ್ಬರಾ ಮತ್ತು ಮೈಕೆಲ್ ಬಾಂಡ್‌ನ ಉಸ್ತುವಾರಿಯನ್ನೂ ಅದಕ್ಕೆ ಬಿಟ್ಟುಕೊಟ್ಟರು. ಅರವತ್ತು ವರ್ಷ ಒಂದೇ ಮನೆತನದ ಕೈಯಲ್ಲಿದ್ದ ಬೀಗದ ಕೈ ಹೊರಗಿನವರಿಗೆ ಹೋಯಿತು. ಆ ವರ್ಷವೇ ಏಮಿ ಪಾಸ್ಕಲ್, ಡೇವಿಡ್ ಹೇಮನ್ ನಿರ್ಮಾಪಕರೆಂದೂ, ಡೆನಿ ವಿಲ್ನೆವ್ ನಿರ್ದೇಶಕರೆಂದೂ, ಸ್ಟೀವನ್ ನೈಟ್ ಚಿತ್ರಕಥೆ ಬರೆಯುತ್ತಾರೆಂದೂ ಪ್ರಕಟಿಸಿದರು. ಮಂಟಪ ಸಿದ್ಧ, ಪುರೋಹಿತರು ಸಿದ್ಧ, ಗಂಡಿನ ಹೆಸರೊಂದು ಗುಟ್ಟು!

ಹೆಣ್ಣು ಯಾಕಾಗಬಾರದು?

ಹೆಣ್ಣು ಬಾಂಡ್ ಆಗಲಿ ಅನ್ನುವವರೂ ಇದ್ದಾರೆ. ಬಾರ್ಬರಾ ಬ್ರೊಕೊಲಿ ಇದಕ್ಕೆ ಒಪ್ಪಲಿಲ್ಲ. ಬಾಂಡ್ ಯಾವ ಬಣ್ಣದವನಾದರೂ ಆಗಬಹುದು, ಆದರೆ ಗಂಡಸು. ಹೆಂಗಸರಿಗೆ ಅವರದೇ ಹೊಸ ಪಾತ್ರ ಬರೆಯಬೇಕು ಎಂದರು. ಕ್ರೇಗ್ ಕೂಡ ಹೀಗೇ ಹೇಳಿದ್ದಾರೆ. ನನಗೂ ಇದೇ ಸರಿ ಅನ್ನಿಸುತ್ತೆ. ಗಂಡಸರು ಉಟ್ಟುಬಿಟ್ಟ ಪಂಚೆ ನಮಗ್ಯಾಕೆ? ನಮಗೆ ಹೊಸ ಸೀರೆಯೇ ಬೇಕು.

ಈ ಮಾತಿಗೆ ಲೂಯಿಸ್ ಮ್ಯಾಕ್ಸ್‌ವೆಲ್ ಎಂಬ ನಟಿಯನ್ನು ನೆನೆಯಬೇಕು. ಬಾಂಡ್‌ನ ಮೇಲಧಿಕಾರಿ 'ಎಂ' ಅವರ ಕಾರ್ಯದರ್ಶಿ ಮನಿಪೆನ್ನಿಯಾಗಿ 1962ರಿಂದ 1985ರವರೆಗೆ ಹದಿನಾಲ್ಕು ಚಿತ್ರ ಮಾಡಿದವರು. ಗಂಡನಿಗೆ ಹೃದಯಾಘಾತವಾಗಿ, ಎರಡು ಸಣ್ಣ ಮಕ್ಕಳ ತಾಯಿ ತಾವೇ ಫೋನು ಮಾಡಿ ಕೆಲಸ ಕೇಳಿದಾಗ ಸಿಕ್ಕ ಪಾತ್ರ ಅದು. ಮನೆ ನಡೆಸಲು ಒಪ್ಪಿಕೊಂಡ ಎರಡು ದಿನದ ಕೆಲಸ. ವಯಸ್ಸಾದ ಮೇಲೆ, ನಾನೇ ಮೇಲಧಿಕಾರಿ 'ಎಂ' ಆಗಬಾರದೇಕೆ ಎಂದು ಕೇಳಿದರಂತೆ. ಹೆಂಗಸಿನ ಕೈಕೆಳಗೆ ಬಾಂಡ್ ಇರುವುದನ್ನು ಜನ ಒಪ್ಪುವುದಿಲ್ಲ ಎಂಬ ಉತ್ತರ ಬಂತಂತೆ. ಹತ್ತು ವರ್ಷ ಕಳೆಯಿತು. 1995ರಲ್ಲಿ ಜೂಡಿ ಡೆಂಚ್ 'ಎಂ' ಆಗಿ ಬಂದು ಬಾಂಡ್‌ನನ್ನು ಎದುರಿಗೆ ನಿಲ್ಲಿಸಿ ಬೈದರು. ಜನ ಒಪ್ಪಿದ್ದಷ್ಟೇ ಅಲ್ಲ, ಚಪ್ಪಾಳೆ ಹೊಡೆದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ನಿಜ ಜೀವನ ಚಿತ್ರಕ್ಕಿಂತಲೂ ಮುಂದೆ ಹೋಯಿತು. ಬಾಂಡ್ ಕೆಲಸ ಮಾಡುವ ಎಂ.ಐ.6 ಎಂಬ ಬ್ರಿಟಿಷ್ ಗುಪ್ತಚರ ಸಂಸ್ಥೆ ನಿಜವಾಗಿಯೂ ಇದೆ. 1909ರಲ್ಲಿ ಶುರುವಾದ ಆ ಸಂಸ್ಥೆಗೆ 2025ರಲ್ಲಿ ಮೊತ್ತಮೊದಲ ಬಾರಿಗೆ ಒಬ್ಬ ಮಹಿಳೆ ಮುಖ್ಯಸ್ಥೆಯಾದರು: ಬ್ಲೇಜ್ ಮೆಟ್ರವೆಲಿ. ಅಭಿಮಾನಿಗಳು ಹೆಣ್ಣು ಆಗಬಹುದೇ ಅಂತ ಜಗಳ ಆಡುತ್ತಿರುವಾಗ ಆಕೆ ಕುರ್ಚಿಯಲ್ಲಿ ಕುಳಿತೇಬಿಟ್ಟರು!

ನಮ್ಮ 999

ಮಾವನವರ ಮಾತನ್ನೂ ಬಿಡುವ ಹಾಗಿಲ್ಲ. ಬಾಂಡ್ ಗಾಳಿ ಬೀಸಿದಾಗ ಕನ್ನಡಕ್ಕೂ ಒಬ್ಬ ಗೂಢಚಾರ ಬಂದ: ಸಿ.ಐ.ಡಿ. 999. ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ, ಅಣ್ಣಾವ್ರು ಕೋಟು ಪ್ಯಾಂಟು ಹಾಕಿ ಪಿಸ್ತೂಲು ಹಿಡಿದು ನಿಂತರು. ರಾಜ, ಋಷಿ, ಹಳ್ಳಿಯ ರೈತನ ಪಾತ್ರಗಳಲ್ಲಿ ನೋಡಿದವರಿಗೆ ಅದೊಂದು ಬೆರಗು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಈ ಕೊನೆಯದರಲ್ಲಿ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ನಾಯಕಿ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್', ಅದರಲ್ಲಿ ಅಣ್ಣಾವ್ರೇ ಇಂಗ್ಲಿಷ್ ಹಾಡು ಹಾಡಿದ್ದಾರೆ.

"ಟೆಂಟಿನಲ್ಲಿ ನೆಲಕ್ಕೆ ಕೂತು 'ಜೇಡರ ಬಲೆ' ಎರಡು ಸಲ ನೋಡಿದೆ. ಅವರ ಜಾಗಕ್ಕೆ ಇನ್ನೊಬ್ಬರನ್ನ ಹಾಕ್ತೀವಿ ಅಂತ ಯಾರಾದರೂ ಬಂದ್ರಾ? ಬರಲಿಲ್ಲ. ಅದಕ್ಕೇ ನಮ್ಮಲ್ಲಿ ಜಗಳ ಇಲ್ಲ" ಅಂತ ಮಾವನವರು. ನಾಲ್ಕು ಚಿತ್ರಗಳಿಗೆ ಆ ಸರಣಿ ನಿಂತಿತು. ನಿಜವೇ. ಜಾಗವನ್ನು ಖಾಲಿ ಬಿಟ್ಟರೆ ಜಗಳ ಇರುವುದಿಲ್ಲ. ಆದರೆ ಎಲ್ಲಾ ಜಾಗವನ್ನೂ ಖಾಲಿ ಬಿಡಲಾಗುತ್ತದೆಯೆ?

ಅವರೆಕಾಯಿ ಮುಗಿದ ಮೇಲೆ

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ಭಾನುವಾರ ನಡೆದ ಇನ್ನೊಂದು ಮಾತು ನನ್ನನ್ನು ಈ ಒಂದು ತಿಂಗಳೂ ಬಿಟ್ಟಿಲ್ಲ.

ನನಗೊಬ್ಬ ಓರಗಿತ್ತಿ ಇದ್ದಳು. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು. ತಂಗಿಯೂ ಅವಳೇ, ಗೆಳತಿಯೂ ಅವಳೇ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಒಂಬತ್ತೇ ದಿನದಲ್ಲಿ ಹೊರಟುಹೋದಳು. ಮಗುವಿಗೆ ಆಗ ನಾಲ್ಕು ವರ್ಷ. ಮೂರು ವರ್ಷ ಬೇಡ ಬೇಡ ಅಂದ ಮೈದುನನಿಗೆ ನಾವೇ ಹೇಳಿ ಒಪ್ಪಿಸಿ ಎರಡನೆಯ ಮದುವೆ ಮಾಡಿದೆವು. ಬಂದವಳು ಒಳ್ಳೆಯ ಹುಡುಗಿ. ಮಾತು ಕಡಿಮೆ.

ಆ ದಿನ ಗಂಡಸರು ಕಾನರಿ, ಮೂರ್ ಅಂತ ಕೂಗಾಡುತ್ತಿದ್ದಾಗ ಈ ಹುಡುಗಿ ಕೈಯಲ್ಲಿದ್ದ ಕಾಯಿ ನೋಡುತ್ತಲೇ ಕೇಳಿದಳು: "ಆ ಒಂದೇ ಚಿತ್ರ ಮಾಡಿದರಲ್ಲ, ಅವರು ಆಮೇಲೆ ಏನಾದರು?"

ಯಾರೂ ಉತ್ತರ ಕೊಡಲಿಲ್ಲ. ಗಮನಿಸಲೂ ಇಲ್ಲ. ನನಗೆ ಮಾತ್ರ ಎದೆಗೆ ಚುಚ್ಚಿದಂತಾಯಿತು. ಯಾಕೆಂದರೆ ಅದರ ಹಿಂದಿನ ದಿನವಷ್ಟೇ ಅವಳು ಮಾಡಿದ ಹುಳಿಯನ್ನು ಬಾಯಿಗಿಟ್ಟು ನಾನು, "ಅವಳಾಗಿದ್ದರೆ ಕೊನೆಯಲ್ಲಿ ಒಂದು ಚೂರು ಬೆಲ್ಲ ಹಾಕ್ತಿದ್ದಳು" ಅಂದಿದ್ದೆ. ಅದೇ ಮೊದಲಲ್ಲ. ಮಗುವಿಗೆ ಜಡೆ ಹಾಕಿದರೆ ಅವಳು ಹೀಗೆ ಹಾಕುತ್ತಿದ್ದಳು. ರಂಗೋಲಿ ಇಟ್ಟರೆ ಅವಳ ಎಳೆ ಎಷ್ಟು ಸಣ್ಣ. ಬೈದವಳಲ್ಲ ನಾನು. ಪ್ರೀತಿಯಿಂದಲೇ ನೆನೆಯುತ್ತಿದ್ದೆ. ಆದರೆ ಕೇಳಿಸಿಕೊಳ್ಳುವವಳಿಗೆ? ಪಾಪ, ಈ ಹುಡುಗಿ ಮರುದಿನದಿಂದ ಹುಳಿಗೆ ಬೆಲ್ಲ ಹಾಕತೊಡಗಿದ್ದಳು. ಮಗುವಿನ ಜಡೆಯನ್ನು ಹಳೇ ಫೋಟೋ ನೋಡಿ ಹಾಕುತ್ತಿದ್ದಳು. ಇನ್ನೊಬ್ಬರಿಗೆ ಹೊಲಿದ ಸೂಟನ್ನು ಅವಳಿಗೆ ತೊಡಿಸಿದವಳು ನಾನೇ ಅಲ್ಲವೇ?

ಚಿತ್ರಗಳನ್ನು ನೋಡುವಾಗ ಇನ್ನೊಂದು ಸಂಗತಿ ಕಂಡಿತು. 1981ರ ರೋಜರ್ ಮೂರ್ ಚಿತ್ರ 'ಫಾರ್ ಯುವರ್ ಐಸ್ ಓನ್ಲಿ' ಶುರುವಾಗುವುದೇ ಸ್ಮಶಾನದಲ್ಲಿ. ಬಾಂಡ್ ಕೈಯಲ್ಲಿ ಹೂ ಹಿಡಿದು ಬಂದು ಒಂದು ಸಮಾಧಿಯ ಮೇಲಿಡುತ್ತಾನೆ. ಅದು ಟ್ರೇಸಿಯ ಸಮಾಧಿ, ಲೇಜನ್‌ಬಿ ಬಾಂಡ್ ಆಗಿದ್ದಾಗ ಮದುವೆಯಾದ ಹುಡುಗಿ. ನಟ ಬೇರೆ, ಮುಖ ಬೇರೆ, ಹನ್ನೆರಡು ವರ್ಷ ಕಳೆದಿದೆ. ಆದರೂ ಹೊಸಬ ಹಳಬನ ದುಃಖವನ್ನು ತನ್ನದು ಅಂತ ಹೊತ್ತು ಬಂದಿದ್ದಾನೆ.

ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ತೀರಿಹೋದವಳ ಫೋಟೋಕ್ಕೆ ಕನಕಾಂಬರದ ದಂಡೆ ಇರುತ್ತದೆ. ಮೈದುನ ತರುತ್ತಾನೆ ಅಂದುಕೊಂಡಿದ್ದೆ ನಾನು. ವಿಚಾರಿಸಿದರೆ, ಬಂದ ಮೊದಲ ವಾರದಿಂದಲೂ ಹಿತ್ತಲಿನ ಗಿಡದ ಹೂ ಬಿಡಿಸಿ, ಯಾರೂ ಹೇಳದೆ, ದಂಡೆ ಕಟ್ಟಿ ಹಾಕುತ್ತಿರುವವಳು ಈ ಹುಡುಗಿಯೇ. ಅವಳನ್ನು ನಾವು ಮರೆಯಬೇಕೆಂದು ಈಕೆ ಯಾವತ್ತೂ ಬಯಸಿಲ್ಲ. ಈಕೆಯನ್ನು ನೋಡುವುದನ್ನೇ ಮರೆತವಳು ನಾನು.

ಮೊನ್ನೆ ಅವಳನ್ನು ಕರೆದು, "ನಿಮ್ಮ ತವರಿನಲ್ಲಿ ಹುಳಿ ಹೇಗೆ ಮಾಡ್ತೀರಿ, ಹಾಗೇ ಮಾಡು" ಅಂದೆ. ಅನುಮಾನದಿಂದ ನನ್ನ ಮುಖ ನೋಡಿದಳು. ಬೆಲ್ಲ ಹಾಕಲಿಲ್ಲ, ಹುರಿದ ಎಳ್ಳು, ಒಂದಿಷ್ಟು ಕಡಲೆಬೇಳೆ ರುಬ್ಬಿ ಹಾಕಿದಳು. ರುಚಿ ಬೇರೆಯೇ. ಮೈದುನ ಎರಡು ಸಲ ಬಡಿಸಿಕೊಂಡ. ನಾನು "ಚೆನ್ನಾಗಿದೆ" ಅಂದೆ, ಅಷ್ಟೇ, ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನಾಲಿಗೆಯ ತುದಿಗೆ ಆ ಹಳೇ ಹೆಸರು ಬಂದಿತ್ತು. ನುಂಗಿಕೊಂಡೆ.

ಸಂಜೆ ಅವಳ ಪ್ರಶ್ನೆಗೂ ಉತ್ತರ ಹೇಳಿದೆ. "ಆ ಒಂದೇ ಚಿತ್ರದವನು ಇದ್ದನಲ್ಲ, ಅವನನ್ನ ಜನ ಈಗ ಬಹಳ ಮೆಚ್ಚಿಕೊಳ್ತಾರೆ ಕಣೇ. ಆಗ ಯಾರೂ ಸ್ವಲ್ಪ ತಾಳ್ಮೆ ತೋರಿಸಲಿಲ್ಲ, ಅಷ್ಟೇ" ಅಂದೆ. ನಕ್ಕಳು. ಅವಳು ಹಾಗೆ ಬಾಯಿ ತುಂಬಾ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋದರಿಯರೇ, ಮುಂದಿನ ಬಾಂಡ್ ಯಾರೇ ಆಗಲಿ, ಮೊದಲ ಚಿತ್ರ ಬಂದ ದಿನ ಜನ "ಹಿಂದಿನವನ ಹಾಗಿಲ್ಲ" ಅನ್ನುವುದಂತೂ ಖಂಡಿತ. ನಮ್ಮ ಮನೆಯ ಗಂಡಸರೂ ಅನ್ನುತ್ತಾರೆ. ಅವರು ಅಂದುಕೊಳ್ಳಲಿ, ಅವನಿಗೆ ಕೋಟಿಗಟ್ಟಲೆ ಸಂಬಳ ಇರುತ್ತೆ, ತಡೆದುಕೊಳ್ಳುತ್ತಾನೆ. ಆದರೆ ನಿಮ್ಮ ಮನೆಗೆ ಹೊಸದಾಗಿ ಬಂದ ಸೊಸೆಯೋ, ನಾದಿನಿಯೋ, ಚಿಕ್ಕಮ್ಮನೋ, ಯಾರೋ ಒಬ್ಬರ ಜಾಗದಲ್ಲಿ ನಿಂತು ಇವತ್ತು ಒಲೆ ಹಚ್ಚುತ್ತಿದ್ದರೆ, ಒಮ್ಮೆ ಅವಳ ಕೈಯ ಅಡುಗೆಯನ್ನು ಅವಳದೇ ಅಡುಗೆ ಅಂತ ಉಂಡು ನೋಡಿ.